ಇಗರ್ಜಿ: ಮಂದಿ ಕಟ್ಟಡವಾದ ಕತೆ

ಸಣ್ಣವನಿದ್ದಾಗ ಸಿಂಧನೂರಿನ ನಮ್ಮ ಓಣಿಯ ಗೆಳೆಯನೊಬ್ಬ ಉರ್ದು ಶಾಲೆಗೆ ಹೋಗುತ್ತಿದ್ದ. ಅವನ ಪುಸ್ತಕದಲ್ಲಿ ಮಂದಿರ, ಮಸೀದಿಗಳ ಸಾಲಿನ ಕೊನೆಗೆ ನೆತ್ತಿಯ ಮೇಲೆ ಶಿಲುಬೆ ಹೊತ್ತ ಒಂದು ಕಟ್ಟಡದ ಚಿತ್ರವಿತ್ತು. 'ಇದು ಗಿರ್ಜಾಘರ್' ಅಂದ. ಗಿರಿಜೆ ಅಂದರೆ ಪಾರ್ವತಿ, ಘರ್ ಅಂದರೆ ಮನೆ, ಅಲ್ಲಿಗೆ ಇದು ಪಾರ್ವತಿಯ ಗುಡಿ ಎಂದು ನಾನು ಲೆಕ್ಕ ಹಾಕಿದೆ. ಪಾರ್ವತಿಯ ಗುಡಿಗೆ ಶಿಲುಬೆ ಯಾಕೆ ಬಂತು ಎಂಬ ಪ್ರಶ್ನೆ ಇಬ್ಬರಿಗೂ ಹೊಳೆಯಲಿಲ್ಲ. ಎಷ್ಟೋ ವರ್ಷಗಳ ಮೇಲೆ ಮಂಗಳೂರಿಗೆ ಹೋದಾಗ ಸಿಟಿ ಬಸ್ಸಿನ ಕಂಡಕ್ಟರು 'ಇಗರ್ಜಿ, ಇಗರ್ಜಿ' ಎಂದು ಕೂಗಿದ. ಇಳಿದು ನೋಡಿದರೆ ಎದುರಿಗೆ ಚರ್ಚು. ಗೆಳೆಯನ ಗಿರ್ಜಾ ಆಗ ನೆನಪಾಯಿತು.

ಗಿರ್ಜಾ, ಇಗರ್ಜಿ ಎರಡೂ ಒಂದೇ ಹೊಟ್ಟೆಯ ಮಕ್ಕಳು. ತಾಯಿ ಪೋರ್ಚುಗೀಸಿನ 'ಇಗ್ರೇಜ'. ಕರಾವಳಿಯ ನಾಲಿಗೆ ಅದರ ನಡುವಿನ ಒತ್ತಕ್ಷರವನ್ನು ಬಿಡಿಸಿ, ರಕಾರವನ್ನು ಸ್ವರದ ಆಚೆಗೆ ದಾಟಿಸಿ ಇಗರ್ಜಿ ಮಾಡಿಕೊಂಡಿತು. ಉರ್ದು, ಹಿಂದಿಗಳು ಮೊದಲಿನ ಇಕಾರವನ್ನೇ ಕಿತ್ತೊಗೆದವು. ನಮ್ಮ ಕಡೆಯ ಚಾಳಿ ಇದಕ್ಕೆ ತಿರುವುಮುರುವು. ಇಲ್ಲದ ಇಕಾರವನ್ನು ತಂದು ಹಚ್ಚಿ ಇಸ್ಕೂಲು, ಇಸ್ಟೇಶನ್ನು ಅನ್ನುವವರು ನಾವು. ಇಗ್ರೇಜ ನಮ್ಮ ಬಾಯಿಗೆ ಬಿದ್ದಿದ್ದರೆ ಆ ಇಕಾರ ಸುಖವಾಗಿ ಉಳಿಯುತ್ತಿತ್ತು. ಆದರೆ ಬೀಳಲಿಲ್ಲ. ರಾಯಚೂರು ಸೀಮೆಯಲ್ಲಿ ಇವತ್ತು ಯಾರನ್ನು ಕೇಳಿದರೂ ಅದು ಚರ್ಚು.

ಪೋರ್ಚುಗೀಸ್ ಪದಗಳೇ ಇಲ್ಲಿಗೆ ಬರಲಿಲ್ಲ ಅನ್ನುವ ಹಾಗಿಲ್ಲ. ತಿಂಗಳ ಕೊನೆಗೆ ಕೈಗೆ ಬರುವ ಪಗಾರ ಅವರದು. ಪಗಾರ ಇಡುವ ಅಲಮಾರಿ ಅವರದು, ಅಲಮಾರಿಯ ಚಾವಿ ಅವರದು. ಪಲ್ಯದ ಬಟಾಟಿ, ಅಂಗಿಯ ಇಸ್ತ್ರಿ, ಚರ್ಚಿನ ಪಾದ್ರಿ ಎಲ್ಲರೂ ಆ ಹಡಗಿನಿಂದ ಇಳಿದವರೇ. (ಪಾದ್ರಿಯನ್ನು ಪಾದದ ಜೊತೆ ಗಂಟು ಹಾಕುವವರಿದ್ದಾರೆ. ಪಾದ್ರೆ ಅಂದರೆ ತಂದೆ, ಸಂಸ್ಕೃತದ ಪಿತೃವಿನ ದೂರದ ದಾಯಾದಿ.) ಇಷ್ಟೆಲ್ಲ ಘಟ್ಟ ಹತ್ತಿ ಬಂತು, ಇಗರ್ಜಿ ಮಾತ್ರ ಘಟ್ಟದ ಕೆಳಗೇ ಉಳಿಯಿತು. ಪದ ಬರಲಿಲ್ಲ. ಆದರೆ ಕಟ್ಟಡ ಬಂತು, ಅದೂ ಬಹಳ ಬೇಗ ಬಂತು. ನನಗೆ ಸೋಜಿಗವೆನಿಸುವುದು ಅದೇ.

ಕೃಷ್ಣೆ ತುಂಗಭದ್ರೆಯರ ನಡುವಿನ ಈ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದವು. ಎರಡು ತೊರೆಗಳ ಎಡೆಯ ನಾಡು. ಆಮೇಲೆ ಬಂದವರು ಅದನ್ನೇ ಪಾರಸಿಯಲ್ಲಿ ದೋಆಬ್, ಎರಡು ನೀರು, ಎಂದರು. ಬಹಮನಿಯವರಿಗೂ ವಿಜಯನಗರದವರಿಗೂ ಇದು ಎಳೆದಾಡುವ ಕಂಬಳಿಯಾಗಿತ್ತು, ಕಂಬಳಿಯ ಗಂಟು ಮುದಗಲ್ಲಿನ ಕೋಟೆಯಾಗಿತ್ತು. ಪೋರ್ಚುಗೀಸರು 1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡರು. ಹತ್ತೇ ವರ್ಷಕ್ಕೆ, 1520ರ ರಾಯಚೂರು ಯುದ್ಧದಲ್ಲಿ, ಕ್ರಿಸ್ಟೊವಾವ್ ದೆ ಫಿಗೈರೆದೊ ಎಂಬುವನು ತನ್ನ ಕೋವಿಗಾರರೊಂದಿಗೆ ಕೃಷ್ಣದೇವರಾಯನ ಪಕ್ಷದಲ್ಲಿ ನಿಂತು ಕೋಟೆಯ ಗೋಡೆ ಮೇಲಿನವರನ್ನು ಗುರಿಯಿಟ್ಟು ಹೊಡೆದ. ಹೀಗೆ ನಮ್ಮ ಸೀಮೆ ಪೋರ್ಚುಗೀಸರಲ್ಲಿ ಮೊದಲು ಕಂಡದ್ದು ಬಂದೂಕನ್ನು, ಶಿಲುಬೆ ಬಂದದ್ದು ಅದರ ಹಿಂದೆ. ಜೆಸ್ವಿಟ್ ಪಂಥದ ಪಾದ್ರಿ ಫ್ರಾನ್ಸಿಸ್ ಕ್ಸೇವಿಯರ್ ಗೋವೆಗೆ ಕಾಲಿಟ್ಟದ್ದು 1542ರಲ್ಲಿ. ಈಗಿನ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ 1557ಕ್ಕೂ ಮೊದಲೇ ಜೆಸ್ವಿಟ್ ಪಾದ್ರಿಗಳು ಒಂದು ಚರ್ಚು ಕಟ್ಟಿದರೆಂದು ದಾಖಲಾಗಿದೆ.

1557 ಅಂದರೆ ಎಷ್ಟು ಹಿಂದೆ? ತಾಳಿಕೋಟೆಯ ಯುದ್ಧ ಇನ್ನೂ ಎಂಟು ವರ್ಷ ದೂರವಿತ್ತು, ಹಂಪಿಯ ಬಜಾರುಗಳಲ್ಲಿ ವ್ಯಾಪಾರ ನಡೆದಿತ್ತು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿ ಹುಟ್ಟಲು ಇನ್ನೂ 43 ವರ್ಷ ಬೇಕಿತ್ತು. ರೋಮಿನ ಸಂತ ಪೇತ್ರರ ಮಹಾಮಂದಿರ ಅರೆಬರೆ ಕಟ್ಟಿ ನಿಂತಿತ್ತು, ಅದು ಮುಗಿದದ್ದು 1626ರಲ್ಲಿ. 'ಕ್ರೈಸ್ತ ಧರ್ಮ ಬ್ರಿಟಿಷರ ಜೊತೆ ಬಂತು' ಎಂದು ನಮ್ಮಲ್ಲಿ ಕಣ್ಣು ಮುಚ್ಚಿ ಹೇಳುವವರು ಒಮ್ಮೆ ಮುದಗಲ್ಲಿಗೆ ಹೋಗಿಬರಬೇಕು. ಮೊಹರಮ್ಮಿಗೆ ಜಾತಿಮತದ ಹಂಗಿಲ್ಲದೆ ಸುತ್ತಲಿನ ಮಂದಿಯೆಲ್ಲ ಸೇರುವ ಊರು ಅದು. ಅಂಥ ಊರಲ್ಲಿ ನಾಲ್ಕೂವರೆ ಶತಮಾನದ ಹಿಂದೆ ಒಂದು ಇಗ್ರೇಜ ಬಂದು ನೆಲೆಯೂರಿದ್ದು ನನಗೇನೂ ಅಸಹಜವೆನಿಸುವುದಿಲ್ಲ.

ಈ ಇಗ್ರೇಜ ಬಂದದ್ದಾದರೂ ಎಲ್ಲಿಂದ? ಪೋರ್ಚುಗೀಸಿಗೆ ಲ್ಯಾಟಿನ್ನಿನ 'ಎಕ್ಲೇಸಿಯ'ದಿಂದ ಬಂತು, ಲ್ಯಾಟಿನ್ನಿಗೆ ಗ್ರೀಕಿನಿಂದ. ಒತ್ತಕ್ಷರದಲ್ಲಿ ಲಕಾರ ಕಂಡರೆ ಅದನ್ನು ರಕಾರ ಮಾಡುವುದು ಪೋರ್ಚುಗೀಸರ ಹಳೆಯ ಗೀಳು. ಫ್ರೆಂಚರು ಲಕಾರ ಉಳಿಸಿಕೊಂಡು ಎಗ್ಲೀಸ್ ಅಂದರು, ವೇಲ್ಸಿನವರು ಎಗ್ಲುಯಿಸ್ ಅಂದರು. ಗ್ರೀಕಿನಲ್ಲಿ 'ಎಕ್' ಅಂದರೆ ಹೊರಗೆ, 'ಕಲೇಯಿನ್' ಅಂದರೆ ಕರೆಯುವುದು. ಎಕ್ಲೇಸಿಯ ಅಂದರೆ ಕರೆದಾಗ ಮನೆ ಬಿಟ್ಟು ಬಂದು ಕೂಡಿದ ಮಂದಿ. ದೇವರಿಗೂ ಅದಕ್ಕೂ ಮೊದಮೊದಲು ಸಂಬಂಧವೇ ಇರಲಿಲ್ಲ. ಅದು ಅಥೆನ್ಸಿನ ಪೌರಸಭೆಯ ಹೆಸರು. ಪ್ನಿಕ್ಸ್ ಎಂಬ ಗುಡ್ಡದ ಮೇಲೆ ವರ್ಷಕ್ಕೆ ನಲವತ್ತು ಸಲ ಅದು ಕೂಡುತ್ತಿತ್ತು. ಕೆಲವು ತೀರ್ಮಾನಗಳಿಗೆ 6,000 ಮಂದಿ ಇರಲೇಬೇಕಿತ್ತು. ಅಷ್ಟು ಮಂದಿ ಎಲ್ಲಿ ಬರುತ್ತಾರೆ? ಪೇಟೆಯಲ್ಲಿ ಹರಟುತ್ತ ನಿಂತವರನ್ನು ಕೆಂಪು ಬಣ್ಣ ಮೆತ್ತಿದ ಹಗ್ಗ ಹಿಡಿದು ಗುಡ್ಡದ ಕಡೆ ಅಟ್ಟುತ್ತಿದ್ದರಂತೆ. ನಾಟಕಕಾರ ಅರಿಸ್ಟೋಫನಿಸ್ ಇದನ್ನು ಗೇಲಿ ಮಾಡಿದ್ದಾನೆ. ಮುಂದೆ ಹಾಜರಿ ಹಾಕಿದವರಿಗೆ ಕೂಲಿಯನ್ನೂ ಕೊಡತೊಡಗಿದರು. ನಮ್ಮ ಗ್ರಾಮಸಭೆಗಳಿಗೆ ಕೋರಂ ಕೂಡಿಸಲು ಪರದಾಡುವ ಪಂಚಾಯಿತಿ ಕಾರ್ಯದರ್ಶಿಗಳು ಈ ಎರಡೂ ಉಪಾಯಗಳನ್ನು ಗಮನಿಸಬಹುದು.

ಊರ ಸಭೆಯ ಈ ಹೆಸರು ದೇವರ ಕಡೆ ತಿರುಗಿದ್ದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಅಲ್ಲಿನ ಯೆಹೂದ್ಯರಿಗೆ ಹೀಬ್ರೂ ಮರೆತು ಗ್ರೀಕೇ ಮನೆಮಾತಾಗಿತ್ತು. ಅವರ ಧರ್ಮಗ್ರಂಥ ಗ್ರೀಕಿಗೆ ಬಂದಾಗ, ದೇವರ ಮುಂದೆ ಕೂಡಿದ ಜನಸಮೂಹ ಎಂಬ ಅರ್ಥದ 'ಕಹಲ್' ಎಂಬ ಹೀಬ್ರೂ ಪದಕ್ಕೆ ಅನುವಾದಕರು ಹಲವೆಡೆ ಎಕ್ಲೇಸಿಯ ಎಂದಿಟ್ಟರು. ಈ ಕೆಲಸ ಶುರುವಾದದ್ದು ಎರಡನೆಯ ಟಾಲೆಮಿ ದೊರೆಯ ಕಾಲದಲ್ಲಿ ಎಂದು ಐತಿಹ್ಯ.

ಆ ಟಾಲೆಮಿ ನಮಗೆ ತೀರ ಪರಕೀಯನಲ್ಲ. ಅಶೋಕ ತನ್ನ ಹದಿಮೂರನೆಯ ಬಂಡೆ ಶಾಸನದಲ್ಲಿ ತುರಮಾಯ ಎಂದು ಹೆಸರಿಸಿದ್ದು ಅವನನ್ನೇ. ಆ ಅಶೋಕನ ಸ್ವಂತ ಹೆಸರು ನಮಗೆ ಗಟ್ಟಿಯಾದದ್ದು ನಮ್ಮ ಮಸ್ಕಿಯ ಬಂಡೆಯಿಂದ. ಚಿನ್ನದ ಅದಿರು ಹುಡುಕುತ್ತ ಬಂದ ಸಿ. ಬೀಡನ್ ಎಂಬ ಎಂಜಿನಿಯರಿಗೆ 1915ರಲ್ಲಿ ಅದು ಕಣ್ಣಿಗೆ ಬಿತ್ತು. ಬರೀ ದೇವಾನಾಂಪ್ರಿಯ ಎನ್ನುತ್ತಿದ್ದ ದೊರೆ ಅಶೋಕನೇ ಎಂಬುದು ಅಲ್ಲಿಂದ ಖಚಿತವಾಯಿತು ಎಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಅದೇ ಶಾಸನದಲ್ಲಿ ಇನ್ನೊಂದು ಪದವಿದೆ, ಅದರ ಕಡೆ ನೋಡುವವರು ಕಡಿಮೆ. ತಾನು ಸಂಘಕ್ಕೆ ಹತ್ತಿರವಾದ ಮಾತನ್ನು ಅಶೋಕ ಅಲ್ಲಿ ಹೇಳಿಕೊಳ್ಳುತ್ತಾನೆ. ಸಂಘ ಅಂದರೆ ಬುದ್ಧನ ದಾರಿ ಹಿಡಿದು ಕೂಡಿದ ಮಂದಿ. ಸಂಘಕ್ಕೂ ಬೌದ್ಧರಿಗಿಂತ ಮೊದಲು ಧರ್ಮದ ಅರ್ಥವಿರಲಿಲ್ಲ, ಅದೂ ಗಣರಾಜ್ಯಗಳ ಆಡಳಿತದ ಪದವೇ. ಒಂದೇ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹಾಳೆಯ ಮೇಲೆ ಎಕ್ಲೇಸಿಯ, ಮಸ್ಕಿಯ ಕಲ್ಲಿನ ಮೇಲೆ ಸಂಘ. ಎರಡೂ ಪೇಟೆಯಿಂದ ಎದ್ದು ಪ್ರಾರ್ಥನೆಗೆ ಹೊರಟ ಪದಗಳು.

ಅಲ್ಲಿಂದ ಮುಂದೆ ಅವುಗಳ ಹಾದಿ ಬೇರೆಯಾಯಿತು. ಸಂಘ ಎಂದೂ ಕಟ್ಟಡವಾಗಲಿಲ್ಲ. ಭಿಕ್ಷುಗಳು ಇರುವ ಜಾಗಕ್ಕೆ ವಿಹಾರವೆಂಬ ಬೇರೆ ಹೆಸರಿತ್ತು. ಇವತ್ತೂ ಮಸ್ಕಿಯಲ್ಲಿ ಹೆಣ್ಣುಮಕ್ಕಳು 'ಸಂಘದಾಗ ಸಾಲ ತಗೊಂಡೀನಿ' ಅಂದರೆ ಅದು ವಾರಕ್ಕೊಮ್ಮೆ ಚಾಪೆ ಹಾಸಿ ಕೂಡುವ ಹತ್ತಿಪ್ಪತ್ತು ಮಂದಿಯೇ ಹೊರತು ಯಾವ ಮಾಳಿಗೆಯೂ ಅಲ್ಲ. ಎಕ್ಲೇಸಿಯ ಹಾಗಲ್ಲ. ಯೇಸುವಿನ ಮೊದಲ ಶಿಷ್ಯರು ಯಾರದೋ ಮನೆಯ ಪಡಸಾಲೆಯಲ್ಲಿ ಕೂಡುತ್ತಿದ್ದರು, ಅವರೇ ಎಕ್ಲೇಸಿಯ. ನಾಲ್ಕನೆಯ ಶತಮಾನದಲ್ಲಿ ರೋಮಿನ ದೊರೆ ಕೈಹಿಡಿದ ಮೇಲೆ ದೊಡ್ಡ ದೊಡ್ಡ ಕಟ್ಟಡಗಳೆದ್ದವು. ಮೆಲ್ಲಗೆ ಹೆಸರು ಮಂದಿಯ ಮೈಯಿಂದ ಜಾರಿ ಗೋಡೆಗೆ ಅಂಟಿಕೊಂಡಿತು. ಗೋವೆಗೆ ಬಂದ ಇಗ್ರೇಜ ಹೆಚ್ಚುಕಡಿಮೆ ಪೂರಾ ಕಲ್ಲಾಗಿಯೇ ಬಂದದ್ದು.

ಇಂಗ್ಲಿಷರ ಚರ್ಚು ಈ ವಂಶದ್ದಲ್ಲ. ಅದು ಗ್ರೀಕಿನ 'ಕುರಿಯಾಕೋನ್' ಎಂಬುದರಿಂದ ಜರ್ಮನ್ ಬುಡಕಟ್ಟುಗಳ ಬಾಯಿ ಹಾಯ್ದು ಬಂತು. ಅರ್ಥ, ಒಡೆಯನದು, ಒಡೆಯನ ಮನೆ. ಅಂದರೆ ಅದು ಹುಟ್ಟುತ್ತಲೇ ಕಟ್ಟಡದ ಪದ. ಹಾಗೆ ನೋಡಿದರೆ ನಮ್ಮವೂ ಮನೆಯ ಪದಗಳೇ. ಬಸದಿ ಎಂಬುದು ವಸತಿ. ದೇಗುಲ ದೇವರ ಮನೆ. ಗುಡಿಯಂತೂ ಗುಡಿಸಲಿನ ಒಡಹುಟ್ಟು. ಇಂಗ್ಲೆಂಡಿನಲ್ಲಿ ಹಳೆಯ ಬ್ರಿಟನ್ನರು ಎಕ್ಲೇಸಿಯವನ್ನು ತಮ್ಮ ನಾಲಿಗೆಗೆ ಒಗ್ಗಿಸಿಕೊಂಡಿದ್ದರು. ಆಂಗ್ಲರು ಬಂದಮೇಲೆ ಆ ಪದ ಸತ್ತು ಎಕಲ್ಸ್, ಎಕಲ್‌ಸ್ಟನ್ ಎಂಬ ಊರ ಹೆಸರುಗಳಲ್ಲಿ ಮಾತ್ರ ಗೋರಿಯಾಗಿ ಉಳಿದಿದೆ.

ಆದರೆ ಮಂದಿಯನ್ನು ಮರೆತ ಆ ಚರ್ಚಿಗೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಜೊತೆಯಾಯಿತು. ಅದು ಪ್ಯಾರಿಷ್. ಮೂಲ ಗ್ರೀಕಿನ 'ಪರೋಯ್ಕಿಯ', ಪಕ್ಕದಲ್ಲಿ ಬಂದು ನೆಲೆಸಿದವರ ಬಿಡಾರ. ಪರೋಯ್ಕ ಅಂದರೆ ಊರಿನವನಲ್ಲ, ಬೇರೆ ಕಡೆಯಿಂದ ಬಂದು ಊರ ಮಗ್ಗುಲಲ್ಲಿ ಉಳಿದವನು. ಅವನಿಗೆ ಎಕ್ಲೇಸಿಯದಲ್ಲಿ ಕೈಯೆತ್ತುವ ಹಕ್ಕಿರಲಿಲ್ಲ. ತಾವು ಈ ಲೋಕದಲ್ಲಿ ವಲಸಿಗರು ಎಂದು ನಂಬಿದ್ದ ಮೊದಲ ಕ್ರೈಸ್ತರು ಈ ಎರಡೂ ಪದಗಳನ್ನು ಎತ್ತಿಕೊಂಡರು. ಸಿಂಧನೂರಿನವನಾದ ನನಗೆ ಪರೋಯ್ಕಿಯ ಅಂದಕೂಡಲೆ ಕಣ್ಣಿಗೆ ಬರುವುದು ನಮ್ಮ ಕ್ಯಾಂಪುಗಳು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದಮೇಲೆ ಆಂಧ್ರದಿಂದ ಬಂದು ಭತ್ತ ಹಚ್ಚಿದವರ ಕ್ಯಾಂಪುಗಳು, ಪೂರ್ವ ಬಂಗಾಳ ಬಿಟ್ಟು ಬಂದವರ ಆರ್.ಎಚ್. ಕ್ಯಾಂಪುಗಳು. ಮೂರು ತಲೆಮಾರಾದರೂ ಹೆಸರಿನಿಂದ ಕ್ಯಾಂಪು ಹೋಗಿಲ್ಲ. ಇಂಗ್ಲೆಂಡಿನ ಪ್ಯಾರಿಷ್ ಮಾತ್ರ ತಾನು ವಲಸಿಗರ ಬಿಡಾರವಾಗಿದ್ದುದನ್ನು ಮರೆತು, ಹತ್ತು, ಹನ್ನೊಂದು, ಹನ್ನೆರಡನೆಯ ಶತಮಾನಗಳಲ್ಲಿ ನೆಲಕ್ಕೆ ಗೂಟ ಹೊಡೆದು ಗಡಿ ಹಾಕಿಕೊಂಡಿತು. ಈ ಗಡಿಯೊಳಗೆ ಹುಟ್ಟಿದವರು ಇದೇ ಚರ್ಚಿಗೆ ಬರಬೇಕು, ಬೆಳೆಯ ಹತ್ತರಲ್ಲೊಂದು ಪಾಲು ಇದಕ್ಕೇ ಒಪ್ಪಿಸಬೇಕು. ಅಂಥವರನ್ನು ನಾವಾದರೆ ದೇವರ ಒಕ್ಕಲು ಅನ್ನುತ್ತೇವೆ. ಲಿಂಗಸುಗೂರಿನ ಕಡೆ 'ಅವರು ಗುರುಗುಂಟಾ ಅಮರೇಶ್ವರಗ ನಡಕೊಳ್ಳೋ ಮಂದಿ' ಅನ್ನುವುದೂ ಉಂಟು. ನಡೆದುಕೊಳ್ಳುವುದು ಎಂಬ ಆ ಒಂದು ಮಾತಿನಲ್ಲಿ ನಡಿಗೆಯೂ ಇದೆ, ನಡತೆಯೂ ಇದೆ. ಪ್ಯಾರಿಷ್‌ನಲ್ಲಿ ಅಷ್ಟು ಸಿಗುವುದಿಲ್ಲ.

ಆ ಕಾಲದ ಇಂಗ್ಲಿಷ್ ಊರ ಚರ್ಚಿನ ಒಳಗೆ ಹೊಕ್ಕರೆ ನಮಗೆ ಗುರುತಿನ ಪದ ಒಂದು ಎದುರಾಗುತ್ತದೆ. ಮಂದಿ ನಿಲ್ಲುವ ಉದ್ದನೆಯ ಅಂಕಣಕ್ಕೆ ಅವರು 'ನೇವ್' ಅನ್ನುತ್ತಾರೆ. ಅದು ಲ್ಯಾಟಿನ್ನಿನ ನಾವಿಸ್, ಹಡಗು. ನಾವು ಸಂಸ್ಕೃತದಿಂದ ತಂದುಕೊಂಡ ನಾವೆಯೂ ಅದೂ ಒಂದೇ ಬಳ್ಳಿಯವು. ನಮ್ಮ ಗುಡಿಯ ನವರಂಗದ ಜಾಗದಲ್ಲಿ ಅವರದೊಂದು ನಾವೆ. ಅದರಾಚೆ ಪೂರ್ವದ ತುದಿಗೆ ಪೂಜೆಯ ಪೀಠವಿರುವ 'ಚಾನ್ಸೆಲ್', ಅಂದರೆ ಜಾಲಂಧ್ರ. ನಡುವೆ ಜಾಳಿಗೆಯ ತಡಿಕೆ ಇರುತ್ತಿತ್ತು, ತಡಿಕೆಯ ಹೆಸರೇ ಒಳಕೋಣೆಗೆ ಬಂತು. ಬರೆದದ್ದರ ಮೇಲೆ ಜಾಳಿಗೆಯಂತೆ ಅಡ್ಡಗೀಟು ಎಳೆಯುವ 'ಕ್ಯಾನ್ಸಲ್', ನ್ಯಾಯಪೀಠದ ಜಾಳಿಗೆಯ ಬಳಿ ನಿಲ್ಲುತ್ತಿದ್ದ 'ಚಾನ್ಸಲರ್' ಅದರ ಬಂಧುಗಳು. ನಮ್ಮ ವಿಶ್ವವಿದ್ಯಾಲಯಗಳ ವೈಸ್ ಚಾನ್ಸಲರುಗಳು ಹುಟ್ಟಿನಿಂದ ತಡಿಕೆಯ ಕಾವಲಿನವರು ಎಂಬುದನ್ನು ಹೇಳದೆ ಬಿಡುವ ಮನಸ್ಸಾಗಲಿಲ್ಲ. ದಿಕ್ಕಿನ ಮಾತೂ ಇದೆ. ನಮ್ಮ ಗುಡಿಗಳಲ್ಲಿ ಸಾಮಾನ್ಯವಾಗಿ ದೇವರು ಪೂರ್ವಕ್ಕೆ ನೋಡುತ್ತಾನೆ, ಅಲ್ಲಿ ಪೂರ್ವಕ್ಕೆ ನೋಡುವವರು ಮಂದಿ.

ಈ ಅಂಕಣಗಳ ಹಿಂದೆ ಖರ್ಚಿನ ಹಂಚಿಕೆಯೊಂದಿತ್ತು. ನಾವೆಯ ಮಾಡು ಸೋರಿದರೆ ಊರ ಮಂದಿ ರಿಪೇರಿ ಮಾಡಿಸಬೇಕು. ಚಾನ್ಸೆಲ್ಲಿನ ಮಾಡು ಸೋರಿದರೆ ಹತ್ತರ ಪಾಲು ಉಣ್ಣುವವನು. ಹದಿನಾರನೆಯ ಶತಮಾನದಲ್ಲಿ ಎಂಟನೆಯ ಹೆನ್ರಿ ಆ ಪಾಲು ಉಣ್ಣುತ್ತಿದ್ದ ಮಠಗಳನ್ನು ಮುಚ್ಚಿ ಅವುಗಳ ಜಮೀನು ಕೈಬದಲಾದಾಗ ಈ ಹೊಣೆಯೂ ಜಮೀನಿನ ಹಿಂದೆಯೇ ಹೋಯಿತು. ವಾರಿಕ್‌ಶೈರಿನ ಆಸ್ಟನ್ ಕ್ಯಾಂಟ್ಲೋ ಎಂಬ ಊರಲ್ಲಿ ಅಂಥ ಹೊಲದ ಒಡೆತನವಿದ್ದ ದಂಪತಿ ಚಾನ್ಸೆಲ್ಲಿನ ರಿಪೇರಿ ಖರ್ಚು ಕೊಡಲೇಬೇಕೆಂದು 2003ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಪೀಠ ತೀರ್ಪಿತ್ತಿತು. ದೇವರ ಮಾನ್ಯದ ಹೊಲ ಉತ್ತು ದೀಪದೆಣ್ಣೆ ಮರೆತವರ ಜಗಳಗಳು ನಮ್ಮ ಊರುಗಳಲ್ಲೂ ಇವೆ. ನಮ್ಮವು ತಹಶೀಲ್ದಾರರ ಕಚೇರಿ ದಾಟುವುದು ಅಪರೂಪ, ಅಷ್ಟೆ.

ಅಂಥ ಚರ್ಚುಗಳ ನಾಡಿನಿಂದ ಹೊರಟು ಇಗ್ರೇಜಗಳ ನಾಡಿಗೆ ಬಂದ ಒಬ್ಬನಿದ್ದಾನೆ. ಥಾಮಸ್ ಸ್ಟೀಫನ್ಸ್, ಇಂಗ್ಲೆಂಡಿನ ವಿಲ್ಟ್‌ಶೈರಿನವನು. ಅವನು ಹುಟ್ಟುವ ಹೊತ್ತಿಗೆ ಅಲ್ಲಿ ಮತಸುಧಾರಣೆಯ ಗಾಳಿ ಬೀಸಿ ಚರ್ಚಿನ ಗೋಡೆಚಿತ್ರಗಳ ಮೇಲೆ ಸುಣ್ಣ ಬಳಿಯುತ್ತಿದ್ದರು. ಹಳೆಯ ನಂಬಿಕೆಯ ಸ್ಟೀಫನ್ಸ್ ರೋಮಿಗೆ ಹೋಗಿ ಜೆಸ್ವಿಟನಾಗಿ 1579ರಲ್ಲಿ ಗೋವೆಗೆ ಬಂದ. 1616ರಲ್ಲಿ ಅಚ್ಚಾದ ಅವನ ಕ್ರಿಸ್ತಪುರಾಣ ಮರಾಠಿಯ ಓವಿ ಛಂದಸ್ಸಿನ ದೊಡ್ಡ ಕಾವ್ಯ. ಅವನು ಕೊಂಕಣಿಗೂ ವ್ಯಾಕರಣ ಬರೆದ, 1640ರಲ್ಲಿ ಅದು ಅಚ್ಚಾಯಿತು. ಅದರ ಹೆಸರಿನಲ್ಲಿ ಕೊಂಕಣಿ ಎಂದಿಲ್ಲ, 'ಲಿಂಗ್ವಾ ಕನಾರಿಂ' ಎಂದಿದೆ. ಪೋರ್ಚುಗೀಸರಿಗೆ ಗೋವೆಯ ಮಂದಿಯೂ ಕನ್ನಡ ನೆಲದವರಾಗಿಯೇ ಕಂಡಿದ್ದರು. ಇದನ್ನು ಹಿಡಿದುಕೊಂಡು ಯಾರೂ ಗಡಿ ತಂಟೆಗೆ ಹೋಗಬೇಡಿ.

ಇಗ್ರೇಜ ಗೋವೆಯಿಂದಾಚೆಗೂ ಹಡಗು ಹತ್ತಿತು. ಮಲಾಯ, ಇಂಡೊನೇಷ್ಯಗಳಲ್ಲಿ ಅದು ಗೆರೇಜ. ಬಂಗಾಳಿಯಲ್ಲಿ ಗಿರ್ಜಾ, ಅಂದರೆ ಸಿಂಧನೂರಿನ ಆರ್.ಎಚ್. ಕ್ಯಾಂಪುಗಳ ಮನೆಮಾತಿನಲ್ಲೂ ಆ ಪದವಿದೆ. ಉರ್ದುವಿನ ಪಾಡು ಇನ್ನೂ ಚಂದ. ಅದರಲ್ಲಿ ಗಿರ್ಜಾ ಒಂದೇ ಅಲ್ಲ, 'ಕಲೀಸಾ' ಎಂಬುದೂ ಇದೆ, ಕವಿಗಳಿಗೆ ಅದರ ಮೇಲೆ ಹೆಚ್ಚು ಪ್ರೀತಿ. ಕಲೀಸಾ ಪಾರಸಿಯಿಂದ ಬಂದದ್ದು, ಪಾರಸಿಗೆ ಗ್ರೀಕಿನ ಅದೇ ಎಕ್ಲೇಸಿಯದಿಂದ. ಒಬ್ಬ ತಾಯಿಯ ಇಬ್ಬರು ಮಕ್ಕಳು, ಒಬ್ಬ ನೆಲದ ದಾರಿಯಲ್ಲಿ ಕುದುರೆಯೇರಿ ಬಂದ, ಇನ್ನೊಬ್ಬ ಸಮುದ್ರ ಸುತ್ತಿ ಬಂದ. ದಿಲ್ಲಿಯಲ್ಲಿ ಭೇಟಿಯಾದಾಗ ಪರಸ್ಪರ ಗುರುತು ಸಿಗಲಿಲ್ಲ.

ಈ ಪದಕ್ಕಾಗಿ ರಕ್ತ ಹರಿಸಿದವರೂ ಉಂಟು. 1526ರಲ್ಲಿ ವಿಲಿಯಂ ಟಿಂಡೇಲ್ ಬೈಬಲಿನ ಹೊಸ ಒಡಂಬಡಿಕೆಯನ್ನು ಇಂಗ್ಲಿಷಿಗೆ ತಂದಾಗ ಎಕ್ಲೇಸಿಯ ಬಂದಲ್ಲೆಲ್ಲ ಚರ್ಚ್ ಎನ್ನದೆ, ಕೂಡಿದ ಮಂದಿ ಎಂಬ ಅರ್ಥದ 'ಕಾಂಗ್ರಿಗೇಶನ್' ಎಂದಿಟ್ಟ. ಪದದ ಮೂಲದ ಪ್ರಕಾರ ಅವನು ಮಾಡಿದ್ದು ಸರಿಯೇ. ಹಳೆಯ ಚರ್ಚಿನ ಕಟ್ಟಾ ಪಕ್ಷಪಾತಿ ಥಾಮಸ್ ಮೋರ್ ಕೆಂಡವಾದ. ದೇವರ ಮುಂದೆ ಬರೀ ಮಂದಿ ಸಾಕು ಎಂದಾದರೆ ಬಿಷಪ್ಪರ ಗದ್ದುಗೆಯ ಗತಿಯೇನು? 1536ರಲ್ಲಿ ಟಿಂಡೇಲನ ಕತ್ತು ಬಿಗಿದು ಕೊಂದು ಸುಟ್ಟರು. ಅವನ ಮೇಲಿದ್ದ ತಪ್ಪುಗಳ ಪಟ್ಟಿ ಉದ್ದವಿತ್ತು, ಅನುವಾದ ಅದರ ಬೇರಿನಲ್ಲಿತ್ತು. 1611ರ ಜೇಮ್ಸ್ ದೊರೆಯ ಬೈಬಲಿಗೆ ಕೂತ ಪಂಡಿತರಿಗೆ ಮೊದಲೇ ಕಟ್ಟಳೆ ಹೋಗಿತ್ತು, ಚರ್ಚ್ ಎಂಬ ಪದವನ್ನು ಮುಟ್ಟಬೇಡಿ ಎಂದು.

ಕನ್ನಡದಲ್ಲಿ ಈ ಜಗಳ ಆಗಲೇ ಇಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನಮ್ಮ ನೆರೆಯ ಬಳ್ಳಾರಿಗೆ ಬಂದು ನೆಲೆಸಿದ, 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ಇವತ್ತು ನಾವು ಓದುವ ಕನ್ನಡ ಬೈಬಲಿನಲ್ಲಿ ಎಕ್ಲೇಸಿಯ ಇದ್ದಲ್ಲೆಲ್ಲ ಇರುವುದು ಸಭೆ. 1947ರಲ್ಲಿ ಒಂದಾದ ಪ್ರಾಟೆಸ್ಟಂಟರು ತಮ್ಮನ್ನು ದಕ್ಷಿಣ ಭಾರತ ಸಭೆ ಎಂದು ಕರೆದುಕೊಂಡರು. ಕಥೋಲಿಕರು ಧರ್ಮಸಭೆ ಅನ್ನುತ್ತಾರೆ, ಕಟ್ಟಡಕ್ಕೆ ದೇವಾಲಯ ಎಂಬ ಬೇರೆ ಪದ ಇಟ್ಟುಕೊಂಡಿದ್ದಾರೆ. ಎಷ್ಟೋ ಶತಮಾನ ಕಲ್ಲಿನಲ್ಲಿ ಸಿಕ್ಕಿಬಿದ್ದಿದ್ದ ಮಂದಿಯನ್ನು ಕನ್ನಡ ಒಂದು ಹೋರಾಟವಿಲ್ಲದೆ, ಒಂದು ಅಡಿಟಿಪ್ಪಣಿಯೂ ಇಲ್ಲದೆ ಬಿಡಿಸಿತು. ಇಂಗ್ಲಿಷಿನ ಚರ್ಚಿಗಿಂತ, ಪೋರ್ಚುಗೀಸಿನ ಇಗ್ರೇಜಕ್ಕಿಂತ ಅಥೆನ್ಸಿನ ಗುಡ್ಡಕ್ಕೆ ಹತ್ತಿರವಿರುವುದು ನಮ್ಮ ಸಭೆಯೇ ಎಂದು ನನ್ನ ತೀರ್ಮಾನ.

ಈ ನುಡಿಯ ಲೆಕ್ಕದಲ್ಲಿ ಮುದಗಲ್ಲಿನ ಪಾಲು ಇನ್ನೂ ಬಾಕಿ ಇದೆ. ಇಂಗ್ಲಿಷ್ ಪದ ಈ ಸೀಮೆಗೆ ಬರುವ ಎಷ್ಟೋ ತಲೆಮಾರ ಮೊದಲಿನಿಂದ ಆ ಕಟ್ಟಡ ಅಲ್ಲಿದೆ, ಅದಕ್ಕೆ ನಡೆದುಕೊಂಡ ಕನ್ನಡದ ಮಂದಿ ಅಲ್ಲಿದ್ದಾರೆ. ಚರ್ಚು ಎನ್ನುವ ಮೊದಲು ಅವರ ಬಾಯಲ್ಲಿ ಅದಕ್ಕೊಂದು ಹೆಸರು ಇದ್ದೇ ಇರಬೇಕು. ಮುದಗಲ್ಲಿನ ಓದುಗರೇ, ನಿಮ್ಮ ಮನೆಯಲ್ಲಿ ಎಂಬತ್ತು ತೊಂಬತ್ತರ ಅಜ್ಜಿಯರಿದ್ದರೆ ಈ ಭಾನುವಾರವೇ ಪಕ್ಕದಲ್ಲಿ ಕೂತು ಕೇಳಿ: 'ಯಮ್ಮಾ, ನಿಮ್ಮವ್ವ ಗುಡಿಗೆ ಹೊಂಟಾಗ ಎಲ್ಲಿಗೆ ಹೊಕ್ಕೀನಿ ಅಂತಿದ್ಳು?' ಹೇಳಿದ್ದನ್ನು ಹೇಳಿದ ಹಾಗೆ ಬರೆದಿಡಿ.